ಹಿರಣ್ಯಕಶಿಪುವಿನ ಬಿಲ್ಡ್

ನುಗ್ಗೇಹಳ್ಳಿ ಕಡೆಯ ಓದುಗನೊಬ್ಬ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ಒಂದು ಪ್ರಶ್ನೆ ಕಳಿಸಿದ್ದಾನೆ. 'ಸಾರ್, ಹಾಸ್ಟೆಲಿನಲ್ಲಿ ನಾವು ಫ್ರೆಂಡ್ಸ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ನನ್ನದು ಬಾರ್ಬೇರಿಯನ್. ಯಾರು ಎಷ್ಟು ಹೊಡೆದರೂ ಬೀಳದ ಟ್ಯಾಂಕ್ ಮಾಡ್ಕೋಬೇಕು ಅಂತ ಆಸೆ. ಜೀವ ಜಾಸ್ತಿ ಮಾಡ್ಕೊಳ್ಳಲಾ, ಏಟೇ ತಾಗದ ಹಾಗೆ ರಕ್ಷಣೆ ಜಾಸ್ತಿ ಮಾಡ್ಕೊಳ್ಳಲಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇದಕ್ಕೇನಾದ್ರೂ ಲೆಕ್ಕ ಇದೆಯಾ?'

ಲೆಕ್ಕ ಇದೆ, ಅದೂ ಹೈಸ್ಕೂಲಿನ ಲೆಕ್ಕ. ಈ ಪ್ರಶ್ನೆ ನುಗ್ಗೇಹಳ್ಳಿಯಿಂದ ಬಂದದ್ದು ನನಗೆ ಇನ್ನೂ ಖುಷಿ ಕೊಟ್ಟಿತು. ತಿಪಟೂರು-ಚನ್ನರಾಯಪಟ್ಟಣ ರಸ್ತೆಯ ಆ ಊರು ಹೊಯ್ಸಳರ ಕಾಲದಲ್ಲಿ ವಿಜಯ ಸೋಮನಾಥಪುರವೆಂಬ ಅಗ್ರಹಾರವಾಗಿತ್ತು. ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಅಲ್ಲಿ ಕಟ್ಟಿಸಿದ ತ್ರಿಕೂಟ ದೇವಾಲಯ ಇಂದಿಗೂ ಇದೆ. ಬೈಚೋಜ, ಮಲ್ಲಿತಮ್ಮರಂಥ ಶಿಲ್ಪಿಗಳು ಕೆತ್ತಿದ ಗುಡಿ. ಕೇಶವ, ವೇಣುಗೋಪಾಲರೂ ಅಲ್ಲಿದ್ದಾರೆ, ಆದರೆ ಗುಡಿಗೆ ಹೆಸರು ಬಂದಿರುವುದು ಲಕ್ಷ್ಮೀನರಸಿಂಹನಿಂದ. ಮತ್ತು ನರಸಿಂಹನ ಕಥೆ ಎಂದರೆ, ಬೀಳದ ಬಿಲ್ಡ್ ಒಂದನ್ನು, ಅಂದರೆ ಲೆಕ್ಕ ಹಾಕಿ ಕಟ್ಟಿಕೊಂಡ ಪಾತ್ರವೊಂದನ್ನು, ಬೀಳಿಸಿದ ಕಥೆ. ಹಿರಣ್ಯಕಶಿಪು ತಪಸ್ಸು ಮಾಡಿ ಏನು ಕೇಳಿದ? ಮನುಷ್ಯನಿಂದ ಸಾವು ಬೇಡ, ಮೃಗದಿಂದ ಬೇಡ, ಹಗಲು ಬೇಡ, ರಾತ್ರಿ ಬೇಡ, ಒಳಗೆ ಬೇಡ, ಹೊರಗೆ ಬೇಡ, ನೆಲದ ಮೇಲೆ ಬೇಡ, ಆಕಾಶದಲ್ಲಿ ಬೇಡ, ಆಯುಧದಿಂದ ಬೇಡ. ಇವತ್ತಿನ ಆಟಗಾರರು ಇದಕ್ಕೆ ರೆಸಿಸ್ಟೆನ್ಸ್ ಪಟ್ಟಿ ಎನ್ನುತ್ತಾರೆ. ಪಟ್ಟಿ ಎಷ್ಟೇ ಉದ್ದವಿರಲಿ, ಅದು ಪಟ್ಟಿಯೇ. ಪಟ್ಟಿಯಲ್ಲಿ ಇಲ್ಲದ್ದು ಏನೋ ಒಂದು ಉಳಿದೇ ಉಳಿಯುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಈ 'ಜೀವ'ದ ಅಂಕಿ ಎಲ್ಲಿಂದ ಬಂತು ಎಂಬುದನ್ನು ಹೇಳಲೇಬೇಕು, ಏಕೆಂದರೆ ಈ ಕಥೆ ನನಗೆ ಬಹಳ ಇಷ್ಟ. 1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಎಂಬ ಯುದ್ಧದಾಟದ ನಿಯಮ ಪುಸ್ತಕ ತಂದರು. ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ಸಾಲಾಗಿ ಇಟ್ಟು ಆಡುವ ಆಟ. ಅದರಲ್ಲಿ ಸಾಧಾರಣ ಸೈನಿಕನಿಗೆ ಒಂದು ಏಟು ಬಿದ್ದರೆ ಮುಗಿಯಿತು, ಗೊಂಬೆಯನ್ನು ಎತ್ತಿ ಪಕ್ಕಕ್ಕಿಡುವುದೇ. ನೂರು ಗೊಂಬೆಗಳಿದ್ದಾಗ ಅದರಿಂದ ತೊಂದರೆಯಿಲ್ಲ. ಮಿನೆಸೋಟಾದ ಡೇವ್ ಆರ್ನೆಸನ್ ಆಟವನ್ನೇ ಬದಲಿಸಿದ. ಒಬ್ಬ ಆಟಗಾರನಿಗೆ ಒಂದೇ ಪಾತ್ರ, ಆ ಪಾತ್ರಕ್ಕೊಂದು ಹೆಸರು, ಆಸೆ, ಹಗೆ ಎಲ್ಲ. ಈಗ ಒಂದೇ ಏಟಿಗೆ ಸಾಯಲು ಯಾರು ಒಪ್ಪುತ್ತಾರೆ? ಆರ್ನೆಸನ್ ಆಗಲೇ ಹಡಗುಗಳ ಯುದ್ಧದಾಟ ಆಡುತ್ತಿದ್ದವನು. ಹಡಗು ಒಂದು ಗುಂಡಿಗೆ ಮುಳುಗುವುದಿಲ್ಲ. ಇಷ್ಟು ಗುಂಡು ತಿಂದರೆ ಮುಳುಗುತ್ತದೆ ಎಂಬ ಅಂಕಿ ಅದಕ್ಕಿರುತ್ತದೆ, ಹೊರಮೈಯ ಉಕ್ಕಿನ ಹಾಳೆಗೂ ಒಂದು ದರ್ಜೆ ಇರುತ್ತದೆ. ಆ ಎರಡನ್ನೂ ತಂದು ಮನುಷ್ಯರಿಗೆ ಅಂಟಿಸಿದ್ದಾಗಿ ಆತನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಹಿಟ್ ಪಾಯಿಂಟ್ ಮತ್ತು ಆರ್ಮರ್ ಕ್ಲಾಸ್ ಹುಟ್ಟಿದ್ದು ಹೀಗೆ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಹೆಸರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂತು. ಇವತ್ತು ಮೊಬೈಲಿನಲ್ಲಿ ನಿಮ್ಮ ಮಗ ಆಡುವ ಆಟದ ಮೂಲೆಯ ಕೆಂಪು ಪಟ್ಟಿ ಆ ಹಡಗುಗಳ ಮೊಮ್ಮಗ.

ಬಾರ್ಬೇರಿಯನ್ ಬಂದದ್ದು ಸ್ವಲ್ಪ ತಡವಾಗಿ. ಕಥೆಗಾರ ರಾಬರ್ಟ್ ಹೋವರ್ಡ್ 1932ರಲ್ಲಿ ಸೃಷ್ಟಿಸಿದ ವೀರ ಕೋನನ್‌ನ ಛಾಯೆ ಅವನ ಮೇಲಿದೆ. ಗೈಗ್ಯಾಕ್ಸ್ ಅವನನ್ನು 1982ರಲ್ಲಿ 'ಡ್ರ್ಯಾಗನ್' ಪತ್ರಿಕೆಯಲ್ಲಿ ಪರಿಚಯಿಸಿ, 1985ರಲ್ಲಿ ಪುಸ್ತಕಕ್ಕೆ ಸೇರಿಸಿದ. 2000ದ ಮೂರನೇ ಆವೃತ್ತಿಯಲ್ಲಿ ಅವನಿಗೆ ರೇಜ್ ಎಂಬ ರೋಷಾವೇಶ ಬಂತು. ಆಗ ಅದೊಂದು ವಿಚಿತ್ರ ವ್ಯವಹಾರ: ರೋಷ ಬಂದಾಗ ಬಲ ಏರುತ್ತಿತ್ತು, ಜೀವ ಏರುತ್ತಿತ್ತು, ರಕ್ಷಣೆ ಮಾತ್ರ ಇಳಿಯುತ್ತಿತ್ತು. ರೋಷ ಇಳಿದ ಕ್ಷಣ ಸಾಲವಾಗಿ ಬಂದಿದ್ದ ಜೀವವೂ ಹೋಗುತ್ತಿತ್ತು. ಯುದ್ಧ ಗೆದ್ದು, ಉಸಿರು ಬಿಟ್ಟು, ದೊಪ್ಪನೆ ಬಿದ್ದ ಬಾರ್ಬೇರಿಯನ್‌ಗಳು ಎಷ್ಟೋ. 2014ರ ಐದನೇ ಆವೃತ್ತಿ ಇದನ್ನು ತಿರುಗಿಸಿ ಹಾಕಿತು. ರೇಜ್‌ನಲ್ಲಿರುವಾಗ ಕತ್ತಿ, ಈಟಿ, ಗದೆಗಳ ಏಟು ಅರ್ಧಕ್ಕಿಳಿಯುತ್ತದೆ. ಈ 'ಅರ್ಧ'ದಲ್ಲೇ ಎಲ್ಲ ಗುಟ್ಟೂ ಇದೆ.

ಈಗ ಲೆಕ್ಕ. ಹುಡುಗನ ಊರಿನ ಸುತ್ತ ತೆಂಗಿನ ತೋಟಗಳೇ ಆದ್ದರಿಂದ ಬೇಲಿಯಿಂದ ಶುರು ಮಾಡೋಣ. ನಿಮ್ಮ ಹತ್ತಿರ 400 ಮೀಟರ್ ಬೇಲಿ ಹಾಕುವಷ್ಟು ಮುಳ್ಳುತಂತಿ, ಕಲ್ಲುಕಂಬ ಇದೆ. ಅಷ್ಟರಲ್ಲೇ ಆಯತಾಕಾರದ ಜಾಗ ಸುತ್ತಬೇಕು. ಉದ್ದ 190, ಅಗಲ 10 ಮೀಟರ್ ಇಟ್ಟರೆ ಒಳಗೆ ಸಿಗುವುದು 1,900 ಚದರ ಮೀಟರ್. 150ಕ್ಕೆ 50 ಇಟ್ಟರೆ 7,500. ನೂರಕ್ಕೆ ನೂರು ಇಟ್ಟರೆ 10,000, ಅಂದರೆ ಒಂದು ಹೆಕ್ಟೇರು. ಖರ್ಚಾದ ತಂತಿ ಅಷ್ಟೇ, ಕಂಬ ಅಷ್ಟೇ. ಅಣ್ಣತಮ್ಮಂದಿರು ಪಾಲಾಗಿ ಪಾಲಾಗಿ ರಿಬ್ಬನ್ನಿನಂತಾದ ಜಮೀನಿಗೆ ಬೇಲಿ ಹಾಕಿಸಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಎರಡು ಕಡೆ ಬೇಲಿಗೇ ದುಡ್ಡು ಸುರಿದು ನಡುವೆ ಒಂದು ಸಾಲು ತೆಂಗು ಉಳಿಯುತ್ತದೆ. ಇನ್ನೂ ಇಪ್ಪತ್ತು ಮೀಟರ್ ತಂತಿ ಹೆಚ್ಚಿಗೆ ಸಿಕ್ಕಿತು ಎನ್ನಿ. ಆ ರಿಬ್ಬನ್ನನ್ನು ಉದ್ದಕ್ಕೆ ಹತ್ತು ಮೀಟರ್ ಎಳೆದರೆ ಜಾಗ 2,000 ಆಗುತ್ತದೆ, ಅಗಲಕ್ಕೆ ಹತ್ತು ಮೀಟರ್ ಎಳೆದರೆ 3,800. ಗುಣಾಕಾರದಲ್ಲಿ ಯಾವುದು ಚಿಕ್ಕದಿದೆಯೋ ಅದಕ್ಕೆ ಸೇರಿಸಿದ್ದೇ ಲಾಭ.

ಟ್ಯಾಂಕ್ ಪಾತ್ರದ ಬಾಳಿಕೆಯೂ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಐದನೇ ಹಂತದ ಬಾರ್ಬೇರಿಯನ್ ತೆಗೆದುಕೊಳ್ಳಿ. ದೇಹದಾರ್ಢ್ಯ, ಅಂದರೆ ಕಾನ್‌ಸ್ಟಿಟ್ಯೂಷನ್ 16. ಹೀಗಿದ್ದರೆ ಅವನ ಜೀವ 55. ಚುರುಕುತನ 14 ಇದ್ದು ಕೈಯಲ್ಲೊಂದು ಗುರಾಣಿ ಇದ್ದರೆ ರಕ್ಷಣೆ 17. ಎದುರಾಳಿ 20 ಮುಖದ ದಾಳ ಉರುಳಿಸಿ ಅದಕ್ಕೆ 6 ಕೂಡಿಸಿ 17 ಮುಟ್ಟಬೇಕು. 11ರಿಂದ 20ರವರೆಗೆ ಯಾವುದು ಬಿದ್ದರೂ ಏಟು ತಾಗುತ್ತದೆ, ಅಂದರೆ ಎರಡರಲ್ಲೊಂದು. ಹಾಗಾದರೆ ಇವನನ್ನು ಬೀಳಿಸಲು ಎದುರಾಳಿ ಸರಾಸರಿ 110 ಅಂಕದಷ್ಟು ಏಟು ಬೀಸಬೇಕು. ರೇಜ್ ಬಂದರೆ ತಾಗಿದ ಏಟೂ ಅರ್ಧವಾಗುವುದರಿಂದ 220. ಪಕ್ಕದಲ್ಲಿ ಅದೇ ಹಂತದ ಫೈಟರ್ ನಿಂತಿದ್ದಾನೆ, ನೆತ್ತಿಯಿಂದ ಅಂಗಾಲಿನವರೆಗೆ ಉಕ್ಕಿನ ಕವಚ, ಜೊತೆಗೆ ಗುರಾಣಿ, ರಕ್ಷಣೆ 20, ಜೀವ 49. ಅವನ ಬಾಳಿಕೆ 140. ಮೈಮೇಲೆ ಬಟ್ಟೆಯೂ ನೆಟ್ಟಗಿಲ್ಲದವನು ಕಬ್ಬಿಣದ ಮನುಷ್ಯನನ್ನು ಹಿಂದೆ ಹಾಕಿದ್ದಾನೆ. (20 ಬಿದ್ದಾಗ ಏಟಿನ ದಾಳ ದುಪ್ಪಟ್ಟಾಗುವ ನಿಯಮವನ್ನು ಇಲ್ಲಿ ಬಿಟ್ಟಿದ್ದೇನೆ. ಅದನ್ನು ಹಿಡಿದುಕೊಂಡು ನನಗೆ ಪತ್ರ ಬರೆಯಬೇಡಿ.)

ನಾಲ್ಕನೇ ಹಂತದಲ್ಲಿ ಸಿಗುವ ಬಡ್ತಿಯನ್ನು ನಮ್ಮ ಬಾರ್ಬೇರಿಯನ್ ಇನ್ನೂ ಬಳಸಿಲ್ಲ ಎಂದಿಟ್ಟುಕೊಳ್ಳಿ. ಒಂದೇ ಬೆಲೆಗೆ ಮೂರು ಸರಕು ಸಿಗುತ್ತವೆ. 'ಟಫ್' ಎಂಬ ವರ ಪಡೆದರೆ ಜೀವ 65, ಬಾಳಿಕೆ 260. ಚುರುಕುತನಕ್ಕೆ ಹಾಕಿದರೆ ರಕ್ಷಣೆ 18, ಬಾಳಿಕೆ 244. ದೇಹದಾರ್ಢ್ಯಕ್ಕೆ ಹಾಕಿದರೆ ಜೀವ 60, ರಕ್ಷಣೆಯೂ 18, ಬಾಳಿಕೆ 267. ಕವಚ ತೊಡದ ಬಾರ್ಬೇರಿಯನ್‌ಗೆ ದೇಹವೇ ಕವಚವಾದ್ದರಿಂದ ಆ ಒಂದು ಅಂಕಿ ಗುಣಾಕಾರದ ಎರಡೂ ಕಡೆಗೆ ಬೇಲಿ ಎಳೆಯುತ್ತದೆ. 'ಜೀವವೋ ರಕ್ಷಣೆಯೋ' ಎಂದು ಕೇಳಿದ ಹುಡುಗನಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಇಲ್ಲಿ ಒಂದು ಮೂಢನಂಬಿಕೆಯನ್ನು ಕಿತ್ತುಹಾಕಬೇಕು. 'ಕವಚ ಒಂದು ಮಟ್ಟದವರೆಗೆ ಸರಿ, ಆಮೇಲೆ ಹಾಕಿದ್ದೆಲ್ಲ ದಂಡ' ಎಂದು ಕಂಪ್ಯೂಟರ್ ಆಟ ಆಡುವ ಅನೇಕರು ಹೇಳುತ್ತಾರೆ. 'ವಾರ್‌ಕ್ರಾಫ್ಟ್ 3' ನೋಡಿ. ಅಲ್ಲಿ ಕವಚ 10 ಇದ್ದರೆ ಏಟು ಶೇಕಡ 37.5ರಷ್ಟು ತಗ್ಗುತ್ತದೆ, 20 ಇದ್ದರೆ ಶೇಕಡ 54.5. ಮೊದಲ ಹತ್ತಕ್ಕೆ 37.5, ಎರಡನೇ ಹತ್ತಕ್ಕೆ ಬರೀ 17 ಎಂದು ಗೋಳಾಡುವವರು ಬೇಡದ ಅಂಕಿಯನ್ನು ನೋಡುತ್ತಿದ್ದಾರೆ. ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ಕೇಳಿದರೆ ಹತ್ತಕ್ಕೆ 1.6 ಪಟ್ಟು, ಇಪ್ಪತ್ತಕ್ಕೆ 2.2 ಪಟ್ಟು. ಪ್ರತಿ ಹತ್ತಕ್ಕೂ ಕರಾರುವಾಕ್ಕಾಗಿ 0.6 ಸೇರುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಂತೂ ಉಲ್ಟಾ: ಹತ್ತರಲ್ಲಿ ಐದು ಏಟು ತಾಗುತ್ತಿದ್ದದ್ದು ನಾಲ್ಕಕ್ಕಿಳಿದರೆ ಬಾಳಿಕೆ ಕಾಲು ಭಾಗ ಹೆಚ್ಚುತ್ತದೆ, ಎರಡರಿಂದ ಒಂದಕ್ಕಿಳಿದರೆ ದುಪ್ಪಟ್ಟಾಗುತ್ತದೆ. ಕವಚ ಹೆಚ್ಚಿದಷ್ಟೂ ಮುಂದಿನ ಕವಚದ ಬೆಲೆ ಏರುತ್ತದೆ.

ಹಾಗೆಂದು ಕವಚವನ್ನೇ ನಂಬಿ ಕೂರುವಂತಿಲ್ಲ. ಮಾಂತ್ರಿಕನೊಬ್ಬ ಬೆಂಕಿಯುಂಡೆ ಎಸೆದರೆ ಅದು ನಿಮ್ಮ ರಕ್ಷಣೆಯ ಅಂಕಿಯನ್ನು ಕೇಳುವುದೇ ಇಲ್ಲ. ಎಂಟು ಮಾಮೂಲಿ ದಾಳ, ಸರಾಸರಿ 28. ಇಲ್ಲಿ ನೆರವಿಗೆ ಬರುವುದು ಮೂರನೇ ಹಂತದಲ್ಲಿ ಆರಿಸಿಕೊಳ್ಳಬಹುದಾದ ಕರಡಿಯ ಟೋಟೆಮ್. 2014ರ ನಿಯಮದಲ್ಲಿ ಏಟಿನ ಬಗೆ ಹದಿಮೂರು. ಕರಡಿಯನ್ನು ನೆಚ್ಚಿದ ಬಾರ್ಬೇರಿಯನ್ ರೇಜ್‌ನಲ್ಲಿದ್ದರೆ ಅದರಲ್ಲಿ ಹನ್ನೆರಡು ಅರ್ಧವಾಗುತ್ತವೆ. 28 ಬಂದದ್ದು 14, ಅರ್ಧ ತಪ್ಪಿಸಿಕೊಂಡರೆ 7. 2023ರಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ಆಡಿದವರೂ ಈ ಕರಡಿಯನ್ನು ಬಲ್ಲರು. 'ಅಮರ ಬಿಲ್ಡ್', 'ಸೋಲೇ ಇಲ್ಲ' ಎಂದು ಯೂಟ್ಯೂಬಿನಲ್ಲಿ ಕೂಗಾಡುವ ವಿಡಿಯೋಗಳು ನಿಲ್ಲುವುದು ಇಲ್ಲಿಗೇ. ಹದಿಮೂರನೆಯದು ಮನಸ್ಸಿನ ಮೇಲೆ ಬೀಳುವ ಏಟು. ಅದು ಅರ್ಧವಾಗುವುದಿಲ್ಲ. 2024ರ ಪರಿಷ್ಕೃತ ಪುಸ್ತಕದಲ್ಲಂತೂ ಕರಡಿ ತಡೆಯದ ಏಟು ಒಂದಲ್ಲ, ನಾಲ್ಕು. ಆಟ ರೂಪಿಸುವವರಿಗೂ ವರ ಅತಿಯಾಯಿತು ಅನ್ನಿಸಿರಬೇಕು.

ಆದರೂ ನಿಜವಾದ ಬಿರುಕು ಅದಲ್ಲ. ಹಿರಣ್ಯಕಶಿಪುವಿನ ಪಟ್ಟಿಯ ಒಂದು ಷರತ್ತನ್ನೂ ನರಸಿಂಹ ಮುರಿಯಲಿಲ್ಲ. ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು: ಎಲ್ಲವೂ ಷರತ್ತುಗಳ ನಡುವಿನ ಸಂದು. ಬಾರ್ಬೇರಿಯನ್‌ಗೂ ಹೀಗೇ ಆಗುತ್ತದೆ. ಜಾಣ ಎದುರಾಳಿ ಅವನನ್ನು ಹೊಡೆಯುವುದೇ ಇಲ್ಲ. 'ಹೋಲ್ಡ್ ಪರ್ಸನ್' ಎಂಬ ಎರಡನೇ ದರ್ಜೆಯ ಮಂತ್ರ ಹಾಕುತ್ತಾನೆ. ಅದರಿಂದ ಒಂದಂಕದ ಏಟೂ ಇಲ್ಲ. ಹಾಗಾಗಿ ಅರ್ಧ ಮಾಡುವುದಕ್ಕೆ ಏನೂ ಇಲ್ಲ, 55 ಇದ್ದರೂ 550 ಇದ್ದರೂ ಒಂದೇ. ತಡೆಯಬೇಕಾದದ್ದು ವಿವೇಕದ ದಾಳದಿಂದ, ಬಾರ್ಬೇರಿಯನ್‌ಗಳು ಸಾಮಾನ್ಯವಾಗಿ ಏನನ್ನೂ ಹಾಕದೆ ಬಿಡುವ ಅಂಕಿ ಅದು. ಸೋತರೆ ಕಲ್ಲಿನಂತೆ ನಿಲ್ಲುತ್ತಾನೆ, ಪಕ್ಕದಲ್ಲಿ ನಿಂತವರ ಪ್ರತಿ ಏಟೂ ತಾಗಿದರೆ ಮರ್ಮಕ್ಕೇ ಬೀಳುತ್ತದೆ. 2024ರ ನಿಯಮದಲ್ಲಿ ರೇಜ್ ಕೂಡ ಅಲ್ಲೇ ಮುಗಿಯಿತು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಬಾಳಿಕೆಯ ಗುಣಾಕಾರ ನಡೆಯುವುದು ಏಟಿನ ದಾರಿಯಲ್ಲಿ ಬಂದವರಿಗೆ ಮಾತ್ರ. ಬೇರೆ ಬಾಗಿಲಲ್ಲಿ ಬಂದವರಿಗೆ ಆ 267 ಕಾಣಿಸುವುದೇ ಇಲ್ಲ.

ಇನ್ನೊಂದು ಮಾತು. ಟ್ಯಾಂಕ್ ಎಂದರೆ ಬೀಳದವನು ಮಾತ್ರವಲ್ಲ, ಬೇರೆಯವರಿಗೆ ಬೀಳಬೇಕಾದ ಏಟನ್ನು ತನ್ನ ಮೇಲೆಳೆದುಕೊಳ್ಳುವವನು. ಯಾರೂ ಹೊಡೆಯಲು ಬಾರದ ಟ್ಯಾಂಕ್ ಬರೀ ಅಲಂಕಾರ. ಎರಡನೇ ಹಂತದಲ್ಲಿ ಸಿಗುವ 'ರೆಕ್‌ಲೆಸ್ ಅಟ್ಯಾಕ್' ಇದಕ್ಕೆ ಹೇಳಿ ಮಾಡಿಸಿದ್ದು. ನೀವು ಹುಚ್ಚೆದ್ದು ಎರಡು ದಾಳ ಉರುಳಿಸಿ ಹೊಡೆಯುತ್ತೀರಿ, ಎದುರಾಳಿಗೂ ನಿಮ್ಮ ಮೇಲೆ ಎರಡು ದಾಳ ಸಿಗುತ್ತವೆ. ಏಟು ತಾಗುವ ಸಾಧ್ಯತೆ ಅರ್ಧದಿಂದ ಮುಕ್ಕಾಲಿಗೇರುತ್ತದೆ, 220 ಇದ್ದ ಬಾಳಿಕೆ 147ಕ್ಕಿಳಿಯುತ್ತದೆ. ಅಷ್ಟಾದರೂ ಆ ಕಬ್ಬಿಣದ ಫೈಟರ್‌ಗಿಂತ ಒಂದು ಗುಲಗಂಜಿ ಮೇಲೆಯೇ. ಎದುರಾಳಿ ಆಸೆಗೆ ಬಿದ್ದು ನಿಮ್ಮ ಮೇಲೇ ಬರುತ್ತಾನೆ, ಹಿಂದೆ ನಿಂತ ಮಾಂತ್ರಿಕ ಗೆಳೆಯ ಬದುಕುತ್ತಾನೆ.

ಹಾಗಾಗಿ ಆ ಹುಡುಗನಿಗೆ ನನ್ನ ಸಲಹೆ: ನಾಲ್ಕನೇ ಹಂತದ ಬಡ್ತಿಯನ್ನು ದೇಹದಾರ್ಢ್ಯಕ್ಕೆ ಹಾಕಪ್ಪ, ಗುರಾಣಿ ಬಿಡಬೇಡ, ಮೂರರಲ್ಲಿ ಕರಡಿ ತಗೋ. ಎಂಟನೇ ಹಂತದ ಬಡ್ತಿ ಬಂದಾಗ ಮತ್ತೆ ಜೀವಕ್ಕೆ ಸುರಿಯುವ ಚಪಲ ಬರುತ್ತದೆ, ಬೇಡ. ವಿವೇಕಕ್ಕೆ 'ರೆಸಿಲಿಯಂಟ್' ತಗೋ. ಐದನೇ ಹಂತದಲ್ಲಿ ನಿಮ್ಮ ಆಟ ನಡೆಸುವವನು ಗದೆ ಹಿಡಿದ ದೈತ್ಯರನ್ನು ಬಿಟ್ಟಾನು. ಎಂಟು ದಾಟಿದ ಮೇಲೆ ಬರುವವರು ಹೊಡೆಯುವವರಲ್ಲ, ಮಂತ್ರ ಹಾಕುವವರು.