ಚಿನ್ನವಿಲ್ಲದ ಹೊಂಬಣ್ಣದ ಬಟ್ಟಲು

ಒಂಬತ್ತನೆಯ ಶತಮಾನದ ಇರಾಕಿನ ಕುಂಬಾರರಿಗೆ ಚೀನಾದಿಂದ ಬರುತ್ತಿದ್ದ ಬಿಳಿ ಪಾತ್ರೆಗಳ ಮೇಲೆ ಕಣ್ಣು. ಅಂಥ ಬಿಳುಪು ತಮ್ಮ ಮಣ್ಣಿಗೂ ಬರಲೆಂದು ಮೆರುಗಿನ ಗಾಜಿಗೆ ತವರ ಬೆರೆಸಿದರು. ಅಷ್ಟಕ್ಕೇ ನಿಲ್ಲದೆ ಆ ಬಿಳಿಯ ಮೇಲೆ ಹೊಂಬಣ್ಣದಲ್ಲಿ ಹಕ್ಕಿ, ಬಳ್ಳಿ, ಅಕ್ಷರಗಳನ್ನು ಬರೆದರು. ಸಂಗ್ರಾಹಕರು ಲಸ್ಟರ್ ಎಂದು ಕರೆಯುವ ಈ ಬಟ್ಟಲುಗಳ ಬಣ್ಣದಲ್ಲಿ ಚಿನ್ನವಿಲ್ಲ. ಇರುವುದು ಬೆಳ್ಳಿ ಮತ್ತು ತಾಮ್ರ.

ಈ ಲೋಹಗಳ ಸಂಯುಕ್ತಗಳನ್ನು ಕೆಮ್ಮಣ್ಣಿನೊಂದಿಗೆ ಅರೆದು, ಆಗಲೇ ಸುಟ್ಟು ಮೆರುಗು ಕೂತ ಬಟ್ಟಲಿನ ಮೇಲೆ ಚಿತ್ರ ಬರೆಯುತ್ತಿದ್ದರು. ಆಮೇಲೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಗಾಳಿ ತಗ್ಗಿಸಿ, ಆವಿಗೆಯಲ್ಲಿ ಹೊಗೆ ಕಟ್ಟಿಸಿ ಮತ್ತೆ ಸುಡುತ್ತಿದ್ದರು. ಆಗ ಬೆಳ್ಳಿ, ತಾಮ್ರದ ಅಯಾನುಗಳು ಗಾಜಿನೊಳಕ್ಕೆ ಇಳಿದು ಅಲ್ಲಿನ ಸೋಡಿಯಂ, ಪೊಟ್ಯಾಸಿಯಂಗಳ ಜಾಗ ಹಿಡಿಯುತ್ತವೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಅವನ್ನು ಲೋಹವಾಗಿಸುತ್ತದೆ. ಪರಮಾಣುಗಳು ಕೂಡಿಕೊಂಡು ನ್ಯಾನೊಮೀಟರುಗಳ ಅಳತೆಯ ಕಣಗಳಾಗುತ್ತವೆ. ಕಣಗಳ ಗಾತ್ರ, ದಟ್ಟಣೆ ಬದಲಾದಂತೆ ಹಳದಿ, ಕಂದು, ಕೆಂಪು. ಶಾಖ ಸ್ವಲ್ಪ ಏರಿದರೆ ಮೆರುಗು ಮೆತ್ತಗಾಗಿ ಮಣ್ಣು ಅಂಟಿಬಿಡುತ್ತದೆ, ಇಳಿದರೆ ಬಣ್ಣವೇ ಹತ್ತದು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಇದನ್ನು ಸಾಧಿಸಿದವರನ್ನು ನಾನು ರಸಾಯನ ವಿಜ್ಞಾನಿಗಳೆಂದೇ ಕರೆಯುತ್ತೇನೆ.

ಇರಾನಿನ ಕಾಶಾನ್ ಊರಿನ ಕುಂಬಾರ ಮನೆತನದ ಅಬುಲ್ ಖಾಸಿಂ 1301ರಲ್ಲಿ ಈ ವಿದ್ಯೆಯನ್ನು ಬರೆದಿಟ್ಟ. ಅವನ ಲೆಕ್ಕದಲ್ಲಿ ಬಟ್ಟಲಿನ ಒಡಲಿಗೆ ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜು, ಒಂದು ಪಾಲು ಬಿಳಿ ಜೇಡಿ.

ಇಂದು ಬಟ್ಟಲಿನ ವಯಸ್ಸಿಗೆ ಸಾಕ್ಷಿ ಹೇಳುವುದೂ ಆ ಬೆಣಚುಕಲ್ಲೇ. ಒಡಲಿನಲ್ಲೂ ಸುತ್ತಲ ಮಣ್ಣಿನಲ್ಲೂ ಇರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಅದರ ಹರಳುಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬಿದ್ದು ಕೂಡುತ್ತ ಹೋಗುತ್ತವೆ. ಆವಿಗೆಯ ಬೆಂಕಿ ಹಳೆಯ ಲೆಕ್ಕವನ್ನು ಅಳಿಸಿರುತ್ತದೆ. ಪಾದದಿಂದ ಚಿಟಿಕೆ ಪುಡಿ ಕೊರೆದು ಕಾಯಿಸಿದರೆ ಅಂದಿನಿಂದ ಕೂಡಿದ ಶಕ್ತಿ ಬೆಳಕಾಗಿ ಹೊರಬೀಳುತ್ತದೆ. ಇದು ಥರ್ಮೊಲ್ಯೂಮಿನಿಸೆನ್ಸ್ ಪರೀಕ್ಷೆ. ನಿಖರ ವರ್ಷ ಸಿಗದಿದ್ದರೂ ಎಂಟು ಶತಮಾನದ ಹಳತನ್ನೂ ನಿನ್ನೆಯ ನಕಲನ್ನೂ ಬೇರ್ಪಡಿಸಲು ಸಾಕು.

ಆದರೆ ಅದು ಕೊರೆದ ಜಾಗದ ವಯಸ್ಸನ್ನಷ್ಟೇ ಹೇಳುತ್ತದೆ. ಮಾರುಕಟ್ಟೆಗೆ ಬಂದ ಎಷ್ಟೋ ‘ಇಡೀ’ ಬಟ್ಟಲುಗಳು ಬೇರೆ ಬೇರೆ ಬಟ್ಟಲುಗಳ ಚೂರುಗಳನ್ನು ಕೂಡಿಸಿ, ಸಂದಿಗೆ ಗಾರೆ ತುಂಬಿ ಬಣ್ಣ ಬಳಿದವು. ಹಳೆಯ ಪಾದಕ್ಕೆ ಹೊಸ ಮೈ ಅಂಟಿಸಿದ್ದೂ ಉಂಟು. ಹಾಗಾಗಿ ನೇರಳಾತೀತ ಬೆಳಕಿನಲ್ಲಿ ಅಂಟು, ಹೊಸ ಬಣ್ಣಗಳನ್ನು ಹುಡುಕಬೇಕು, ಎಕ್ಸ್‌ರೇ ತೆಗೆದು ಬೆಸುಗೆಗಳನ್ನು ನೋಡಬೇಕು, ಪುಡಿಯನ್ನು ಒಂದಕ್ಕಿಂತ ಹೆಚ್ಚು ಕಡೆ ಕೊರೆಯಬೇಕು. ನನಗಂತೂ ಬಿರುಕುಗಳನ್ನು ಮುಚ್ಚಿಡದೆ ಜೋಡಿಸಿದ, ಕಳೆದುಹೋದ ಚೂರಿನ ಜಾಗವನ್ನು ಖಾಲಿ ಬಿಟ್ಟ ಬಟ್ಟಲೇ ಹೆಚ್ಚು ಬೆಲೆಯದು.