ನಿಮಗಿದು ಗೊತ್ತೆ? ಸುತ್ತಿಟ್ಟ ತಂತಿಯೇ ಹೆಚ್ಚು ಕಾಯುತ್ತದೆ!

ತಂತಿ ಒಂದೇ, ಅದರಲ್ಲಿ ಹರಿಯುವ ವಿದ್ಯುತ್ತೂ ಒಂದೇ. ಆದರೂ ನೆಲದ ಮೇಲೆ ಬಿಡಿಸಿ ಹಾಸಿದಾಗ ಕೈಗೆ ಬಿಸಿಯೇ ತಾಗದ ಎಕ್ಸ್‌ಟೆನ್ಷನ್ ವೈರು, ಅಂದವಾಗಿ ಸುರುಳಿ ಸುತ್ತಿಟ್ಟಾಗ ತನ್ನ ಹೊದಿಕೆಯನ್ನೇ ಕರಗಿಸಿಕೊಳ್ಳುವಷ್ಟು ಕಾಯಬಲ್ಲುದು.

ಇದು ಅಯಸ್ಕಾಂತಶಕ್ತಿಯ ಪರಿಣಾಮವೆಂದು ಹಲವರು ಭಾವಿಸುವುದುಂಟು. ಅದು ನಿಜವಲ್ಲ. ವೈರಿನ ಒಂದು ಎಳೆಯಲ್ಲಿ ಹೋದ ಪ್ರವಾಹವು ಪಕ್ಕದ ಎಳೆಯಲ್ಲಿ ಹಿಂದಿರುಗುವುದರಿಂದ ಅವೆರಡರ ಅಯಸ್ಕಾಂತ ಪ್ರಭಾವಗಳು ಪರಸ್ಪರ ಅಳಿದುಹೋಗುತ್ತವೆ. ಒಳಸುತ್ತುಗಳಲ್ಲಿ ಜನಿಸಿದ ಶಾಖಕ್ಕೆ ಹೊರಬೀಳಲು ಗಾಳಿಯ ಸಂಪರ್ಕವಿಲ್ಲದಿರುವುದೇ ನಿಜವಾದ ಕಾರಣ. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯಾದರೋ ನಿರಂತರವಾಗಿ ಸಹಿಸಬಲ್ಲುದು 70 ಡಿಗ್ರಿ ಸೆಲ್ಸಿಯಸ್ ತಾಪವನ್ನು ಮಾತ್ರ. 2,000 ವ್ಯಾಟಿನ ಒಂದು ಹೀಟರೇ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಆದುದರಿಂದಲೇ ಡ್ರಮ್ಮಿಗೆ ಸುತ್ತಿ ಮಾರುವ ಎಕ್ಸ್‌ಟೆನ್ಷನ್ನುಗಳ ಮೇಲೆ, ಸುತ್ತಿದ್ದಾಗ ಇಷ್ಟು, ಬಿಡಿಸಿದಾಗ ಇಷ್ಟು ಎಂದು ಎರಡು ಮಿತಿಗಳನ್ನು ಮುದ್ರಿಸುವ ಪದ್ಧತಿಯಿದೆ.

ತೆಂಗಿನ ಸೀಮೆಯಾದ ಅರಸೀಕೆರೆ, ಜಾವಗಲ್ ಕಡೆಯ ಮನೆಗಳಲ್ಲಿ ನಾರಿನ ಹಗ್ಗವನ್ನು ಸಿಂಬೆಯಂತೆ ಸುತ್ತಿ ಗೂಟಕ್ಕೆ ತೂಗುಹಾಕುವುದು ಒಪ್ಪವಾದ ಗೃಹಕೃತ್ಯದ ಲಕ್ಷಣ. ಹಗ್ಗಕ್ಕೆ ಸಲ್ಲುವ ಈ ಶಿಸ್ತು, ವಿದ್ಯುತ್ತು ಹರಿಯುತ್ತಿರುವ ತಂತಿಗೆ ಸಲ್ಲದು. ಕಚೇರಿಯ ಮೇಜಿನಡಿಯಲ್ಲಿ ರಬ್ಬರ್ ಬ್ಯಾಂಡು ಬಿಗಿದು, ಮೇಲೆ ಕಾಗದದ ಕಟ್ಟು ಹೇರಿದ ತಂತಿಯ ಗಂಟಿಗೂ ಇದೇ ಮಾತು ಅನ್ವಯಿಸುತ್ತದೆ.

ಹೀಟರು, ಇಸ್ತ್ರಿಪೆಟ್ಟಿಗೆ, ಮೋಟಾರುಗಳಿಗೆ ತಂತಿಯನ್ನು ಜೋಡಿಸುವ ಮುನ್ನ ಕೊನೆಯ ಸುತ್ತಿನವರೆಗೂ ಬಿಡಿಸಿರಿ. ಕೆಲಸ ಮುಗಿದು, ಪ್ಲಗ್ ಕಿತ್ತ ಮೇಲೆಯೇ ಸುತ್ತಿಡಿರಿ.