ರಕ್ತದಲ್ಲಿ ‘ಪಾಸಿಟಿವ್’: ಹುಳು ಯಾವುದು?

ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಸುಗ್ಗಿಯ ನಂತರ ಕುರಿಹಿಂಡುಗಳು ತಂಗುತ್ತವೆ. ಜೊತೆಗೆ ನಾಯಿಗಳೂ ಇರುತ್ತವೆ. ಗಂಟುಗಳಿರುವ ಕುರಿಯ ಯಕೃತ್ತನ್ನು ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳು ಬೆಳೆಯುತ್ತದೆ. ನಾಯಿಯ ಮಲದಲ್ಲಿರುವ ಅದರ ತತ್ತಿ ನಮ್ಮ ಹೊಟ್ಟೆ ಸೇರಿದರೆ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಗಂಟು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಇದೇ ಹೈಡಾಟಿಡ್ ರೋಗ.

ಇದರ ದಾಯಾದಿ, ಹಂದಿಯ ಲಾಡಿಹುಳು. ಹೆಸರು ಕೇಳಿ ‘ನಾವು ಮಾಂಸ ಮುಟ್ಟುವವರಲ್ಲ’ ಎಂದು ನಿಶ್ಚಿಂತರಾಗುವಂತಿಲ್ಲ. ಈ ಹುಳು ಹೊಟ್ಟೆಯಲ್ಲಿರುವ ಮನುಷ್ಯನ ಮಲದಿಂದ ತತ್ತಿಗಳು ಹರಡುತ್ತವೆ. ರೊಟ್ಟಿಯ ಜೊತೆ ತಿನ್ನುವ ಹಸಿ ಮೆಂತ್ಯ, ಮೂಲಂಗಿಯನ್ನು ಸರಿಯಾಗಿ ತೊಳೆಯದಿದ್ದರೆ ಅವು ಒಳಸೇರಿ, ಮರಿಗಳು ಮಿದುಳಿನಲ್ಲಿ ಗೂಡು ಕಟ್ಟಿ ಫಿಟ್ಸ್ ತರಬಲ್ಲವು.

ತೊಡಕು ಇರುವುದು ರಕ್ತಪರೀಕ್ಷೆಯಲ್ಲಿ. ಎಲಿಸಾ ಪರೀಕ್ಷೆ ಸಾಮಾನ್ಯವಾಗಿ ಹುಡುಕುವುದು ಹುಳುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅಣ್ಣತಮ್ಮಂದಿರ ಮುಖ ಹೋಲುವಂತೆ ಈ ಎರಡು ಹುಳುಗಳ ಕೆಲವು ಪ್ರೋಟೀನುಗಳೂ ಹೋಲುತ್ತವೆ. ಹೀಗಾಗಿ ಒಂದರ ವಿರುದ್ಧದ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ‘ಪಾಸಿಟಿವ್’ ತೋರಿಸಬಹುದು. 1989ರಲ್ಲಿ ಅಮೆರಿಕದಲ್ಲಿ ರೂಪಿಸಿದ ಇಮ್ಯುನೋಬ್ಲಾಟ್ ಈ ದಾಯಾದಿಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ಮಿದುಳಿನಲ್ಲಿ ಒಂದೇ ಗಂಟಿದ್ದಾಗ ಅದೂ ಎಷ್ಟೋ ಸಲ ‘ನೆಗೆಟಿವ್’ ಎನ್ನುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಇಂಥ ಒಂಟಿ ಗಂಟೇ!

ಹುಳು ಯಾವುದಾದರೇನು, ಔಷಧ ಅಲ್ಬೆಂಡಜೋಲ್ ತಾನೇ ಎಂದು ಕೆಲವರು ಕೇಳುತ್ತಾರೆ. ಅಪಾಯವಿರುವುದು ಅಲ್ಲಿಯೇ. ಯಕೃತ್ತಿನಲ್ಲಿರುವುದು ನಿರುಪದ್ರವಿ ನೀರುಗುಳ್ಳೆ, ‘ಪಾಸಿಟಿವ್’ ಬಂದದ್ದು ಮಿದುಳಿನ ಹುಳುವಿನಿಂದ ಎಂದುಕೊಳ್ಳಿ. ಹೈಡಾಟಿಡ್ ಎಂದು ಭಾವಿಸಿ ವಾರಗಟ್ಟಲೆ ಗುಳಿಗೆ ನುಂಗಿದರೆ, ಮಿದುಳಿನಲ್ಲಿ ಮರಿಗಳು ಸಾಯುವಾಗ ಬಾವು ಬಂದು ಫಿಟ್ಸ್ ಕಾಣಿಸಿಕೊಳ್ಳಬಹುದು. ಅದಕ್ಕೇ ಮಿದುಳಿನ ಹುಳುವಿಗೆ ಚಿಕಿತ್ಸೆ ಕೊಡುವಾಗ ಬಾವು ತಡೆಯುವ ಸ್ಟೀರಾಯ್ಡ್ ಕೂಡ ಕೊಡುತ್ತಾರೆ. (ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಒಂದು ಜಂತುಹುಳು ಗುಳಿಗೆಯ ಮಾತು ಬೇರೆ, ಇದಕ್ಕೆ ಹೆದರಿ ಅದನ್ನು ತಪ್ಪಿಸಬೇಡಿ.)

ಆದ್ದರಿಂದ ರಕ್ತದ ವರದಿ ಹಿಡಿದು ನೇರವಾಗಿ ಔಷಧದ ಅಂಗಡಿಗೆ ಹೋಗಬೇಡಿ. ಹೊಟ್ಟೆಯ ಗಂಟಿಗೆ ಅಲ್ಟ್ರಾಸೌಂಡ್, ಫಿಟ್ಸ್ ಬಂದವರಿಗೆ ಮಿದುಳಿನ ಸಿ.ಟಿ. ಅಥವಾ ಎಂ.ಆರ್.ಐ. ಮುಖ್ಯ. ಕಲಘಟಗಿ, ಕುಂದಗೋಳದವರಿಗೆ ಹುಬ್ಬಳ್ಳಿ ದೂರವೇನಲ್ಲ. ಮನೆಯಲ್ಲಿ ಕುರಿ, ನಾಯಿ ಇವೆಯೇ, ಹಿಂದೆಂದಾದರೂ ಫಿಟ್ಸ್ ಬಂದಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಹಿಂದೆ ಚಿಕಿತ್ಸೆಯಾಗಿದ್ದರೆ ಆ ಹಳೆಯ ಫಿಲ್ಮುಗಳನ್ನೂ ಒಯ್ಯಿರಿ. ರೋಗ ವಾಸಿಯಾದ ಮೇಲೂ ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು.